ಪಕ್ಕದ ಮನೆಯ ಬಿಸಿಲು

ನಾಕೊರೊವಾತು, ಕಂದಾವು ದ್ವೀಪ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಿತಿಯ ಅಪ್ಪಾ,

ಹೇಗಿದ್ದೀಯ? ಮೊದಲು ನಿನ್ನ ಬಲಗೈ ವಿಷಯ ಹೇಳು. ಚೂರಿ ಹಿಡಿದು ಹಿಡಿದು ಬೆರಳು ಮರಗಟ್ಟುತ್ತವೆ, ಬೆಳಿಗ್ಗೆ ಎದ್ದರೆ ಮುಷ್ಟಿಯೇ ಬಿಚ್ಚುವುದಿಲ್ಲ ಅಂದಿದ್ದೆ. ಕೊಬ್ಬರಿ ಎಣ್ಣೆ ಒಂದು ಬಾಟಲಿ ಕಳಿಸಿದ್ದೇನೆ, ನಿನ್ನ ಅಮ್ಮ ತಾನೇ ಕೂತು ಕಾಸಿದ್ದು. ಬಿಸಿ ಮಾಡಿ ಹಚ್ಚಿಕೋ. ಆ ತಣ್ಣನೆಯ ಕೋಣೆಯಲ್ಲಿ ದನದ ತೊಡೆ ಕತ್ತರಿಸುವಾಗ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುತ್ತೀಯ ತಾನೆ? ಕೆಮ್ಮು ಹೋಯಿತೇ? ನಿಮ್ಮನ್ನು ಕಾರ್ಖಾನೆಗೆ ಕರೆದೊಯ್ಯುವ ಬಸ್ಸಿನ ಆ ಹಳದಿ ಕೂದಲಿನವಳು ಇನ್ನೂ ನಿಮಗೆ ಕೇಕು ಮಾಡಿ ತರುತ್ತಾಳೋ? ಸುಮ್ಮನೆ ಕೇಳಿದೆ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅಮ್ಮನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ, ಬಾಯಂತೂ ಮೊದಲಿಗಿಂತ ಗಟ್ಟಿಯಾಗಿದೆ. ತಿತಿಗೆ ಮುಂದಿನ ಹಲ್ಲು ಬಿದ್ದಿದೆ. ಅದನ್ನು ನಿನಗೇ ತೋರಿಸಬೇಕೆಂದು ತೆಂಗಿನ ಚಿಪ್ಪಿನಲ್ಲಿ ಮುಚ್ಚಿಟ್ಟಿದ್ದಾಳೆ. ಚಂಡಮಾರುತದ ಸುದ್ದಿ ಕೇಳಿ ನೀನು ಗಾಬರಿಯಾಗಿರುತ್ತೀಯ. ನಮ್ಮ ಮನೆಯ ಸೂರು ನಿಂತಿದೆ. ಊರಲ್ಲಿ ಯಾರೂ ಸತ್ತಿಲ್ಲ. ಇದನ್ನೇ ಮೊದಲು ಬರೆಯಬೇಕಿತ್ತು, ಕೈ ನಿನ್ನ ಬೆರಳಿನ ಕಡೆ ಹೋಯಿತು.

ಗುಡ್ಡದ ಮೇಲಿನ ಫೋನಿನ ಟವರ್ ಉರುಳಿ ಇಳಿಜಾರಿನಲ್ಲಿ ಮಲಗಿದೆ. ಎತ್ತಿ ನಿಲ್ಲಿಸುವವರು ಯಾವಾಗ ಬರುತ್ತಾರೋ ದೇವರೇ ಬಲ್ಲ. ನಿನ್ನ ಚಿಕ್ಕಪ್ಪನ ಮಗ ಇನೋಕೆ ನಿಮ್ಮ ಮಾಂಸದ ಕಾರ್ಖಾನೆಗೇ ಸೇರಲು ಇವತ್ತು ಮಧ್ಯಾಹ್ನದ ಹಡಗಿಗೆ ಹೊರಟಿದ್ದಾನೆ, ಅವನ ಚೀಲದಲ್ಲಿ ಈ ಕಾಗದ ಇಡುತ್ತೇನೆ. ನಿಜ ಹೇಳಲೇ? ಟವರ್ ಬಿದ್ದದ್ದು ನನಗೆ ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಎಷ್ಟೋ ತಿಂಗಳಾದ ಮೇಲೆ ನಿನ್ನೊಡನೆ ನಾನು ಒಬ್ಬಳೇ ಮಾತಾಡುತ್ತಿರುವುದು ಇದೇ ಮೊದಲು. ಕಾಗದಕ್ಕೆ ಸ್ಪೀಕರ್ ಇಲ್ಲ. ಪಕ್ಕದಲ್ಲಿ ಕೂತವರು ಕಿವಿ ನಿಮಿರಿಸಿದರೂ ಏನೂ ಕೇಳಿಸುವುದಿಲ್ಲ. ಇದನ್ನು ಬರೆಯುತ್ತಿರುವಾಗ ನಿನ್ನ ಅತ್ತಿಗೆ ಉಲಮಿಲಕ್ಕ ನೀರಿಗೆಂದು ಎರಡು ಸಲ ಈ ಕೋಣೆಯಲ್ಲೇ ಹಾದುಹೋದಳು. ಹೋಗಲಿ, ನೋಡಿಕೊಳ್ಳಲಿ.

ಹೌದು, ಈ ಕಾಗದದ ತುಂಬ ಇರುವುದು ಹೊಟ್ಟೆಕಿಚ್ಚೇ. ನೀನು ನಗಬೇಡ. ಉಲಮಿಲಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು, ಇದೆ, ನಾಳೆಯೂ ಇರುತ್ತದೆ. ಭಾನುವಾರ ಪಾದ್ರಿಗಳು ನೆರೆಯವರನ್ನು ನಿಮ್ಮಂತೆಯೇ ಪ್ರೀತಿಸಿ ಎಂದಾಗ ನಾನು ತಲೆ ತಗ್ಗಿಸಿ ಕೈಬೀಸಣಿಗೆ ನೋಡುತ್ತೇನೆ. ನೆರೆಯವಳ ಮನೆಯ ಸೂರಿನ ಮೇಲೆ ಬಾಗಿಲಿನಷ್ಟು ದೊಡ್ಡ ಸೋಲಾರ್ ಪ್ಯಾನೆಲ್ ಇದ್ದು, ನನ್ನ ಮನೆಯ ಕಂಬಕ್ಕೆ ಸರ್ಕಾರ ಕೊಟ್ಟ ತಟ್ಟೆಯಗಲದ ಪ್ಯಾನೆಲ್ ಇದ್ದರೆ ಹೇಗೆ ಪ್ರೀತಿಸುವುದು? ನೀನು ಹೋದ ವರ್ಷವೇ ಅವರ ಹಳೆಯ ಪ್ಯಾನೆಲ್ ಕೆಟ್ಟಿತು. ಕೆಲವು ತಿಂಗಳು ಅವರು ನಮ್ಮ ಮನೆಯಲ್ಲೇ ಫೋನು ಚಾರ್ಜ್ ಮಾಡಿಕೊಂಡರು. ಆಗ ನಾನು ಊರಿಗೇ ದೊಡ್ಡವಳು. ಆಮೇಲೆ ಒಂದು ದಿನ ಹಡಗು ಬಂತು, ಭಾವ ಮತ್ತು ನಾಲ್ಕು ಜನ ಆ ದೊಡ್ಡ ಪೆಟ್ಟಿಗೆ ಹೊತ್ತು ತಂದರು. ಎಲ್ಲಿಯದು ಎಂದು ಕೇಳಿದೆ. "ಸುವಾದಿಂದ ಬಂತು" ಅಂದರು ಭಾವ, ಮುಖ ಅತ್ತ ತಿರುಗಿಸಿ. ಅಕ್ಕನ ತಮ್ಮ ಸುವಾ ಪಟ್ಟಣದಲ್ಲಿ ಬಂದರಿನ ಕೆಲಸದಲ್ಲಿದ್ದಾನಲ್ಲ, ಅವನು ಕೊಟ್ಟಿರಬೇಕು ಎಂದುಕೊಂಡೆ. ಇಂಥ ತಮ್ಮ ನನಗಿಲ್ಲವಲ್ಲ ಎಂದು ಆ ದಿನ ಊಟ ಸೇರಲಿಲ್ಲ.

ಅಲ್ಲಿಂದ ನಿನ್ನ ದನಿ ಅವರ ಮನೆಗೆ ಒಕ್ಕಲು ಹೋಯಿತು. ಕಂಬಕ್ಕೆ ಮರದ ನೆರಳು ಹರಡಿದ ಮೇಲೆ ನನ್ನ ಫೋನು ಸಂಜೆಗೆ ಸತ್ತಿರುತ್ತದೆ, ಅವಳದು ಬದುಕಿರುತ್ತದೆ. ನೀನು ಪಾಳಿ ಮುಗಿಸಿ ಫೋನು ಮಾಡುವುದು ಸಂಜೆಗೇ. ಅವಳು ಜಗಲಿಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಕೂಗುತ್ತಾಳೆ: "ಕೆಲೆರಾ! ಓಡ್ ಬಾರೇ, ನಿನ್ ಗಂಡ!" ನಾನು ಕೈಯ ಮೀನಿನ ಪೊರೆ ತೊಳೆಯದೆ ಓಡುತ್ತೇನೆ. ಹೋಗುವಷ್ಟರಲ್ಲಿ ನಿಮ್ಮ ಅತ್ತಿಗೆ ಮೈದುನರ ಸರಸ ಮುಗಿಯುವ ಹಂತಕ್ಕೆ ಬಂದಿರುತ್ತದೆ. ಅತ್ತಿಗೆ ಮೈದುನ ಚೇಷ್ಟೆ ಮಾಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು, ಮಾಡದಿದ್ದರೇ ಮರ್ಯಾದೆ ಕಡಿಮೆ, ಅದು ನನಗೂ ಗೊತ್ತು. ಆದರೆ ನಿನ್ನ ನಗುವಿನ ಕೆನೆ ಅವಳಿಗೆ, ತಳದ ನೀರು ನನಗೆ. ಭಾವ ಕುಡಿಯಲು ಯಾಂಗೋನ ಬೇರು ಕಲಸಿದ ಬೋಗುಣಿ ಮುಂದಿಟ್ಟುಕೊಂಡು ಕೂತಿರುತ್ತಾರೆ, ಪಾದ್ರಿಯ ಹೆಂಡತಿ ಇರುತ್ತಾಳೆ, ಊರ ಮಕ್ಕಳೆಲ್ಲ ಇರುತ್ತವೆ. ನೀನು "ಆರಾಮಾ?" ಅನ್ನುತ್ತೀಯ, ನಾನು "ಆರಾಮು" ಅನ್ನುತ್ತೇನೆ. ಇಷ್ಟಕ್ಕೆ ನಮ್ಮ ಸಂಸಾರದ ಮಾತು ಮುಗಿಯಿತು.

ಕಾರ್ಖಾನೆಯವರು ಇನ್ನೆರಡು ವರ್ಷ ಇರುತ್ತೀಯಾ ಎಂದು ಕೇಳುತ್ತಿದ್ದಾರೆ, ಈಸ್ಟರಿನೊಳಗೆ ಉತ್ತರ ಹೇಳಬೇಕು, ನೀನೇನಂತೀಯ ಎಂದು ನೀನು ಕೇಳಿದೆಯಲ್ಲ, ಆ ಸಂಜೆ ನೆನಪಿದೆಯೇ? ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಫೋನಿನ ಮೇಲೆ ಬಾಗಿ ಅಂದಳು: "ಅವಳೇನಂತಾಳೆ, ಇರು ಅಂತಾಳೆ! ಇದ್ಬಿಡಪ್ಪಾ ಮೈದುನಾ, ನಿನ್ ಹೆಂಡ್ತೀನ ನಾವ್ ನೋಡ್ಕೋತೀವಿ. ಬರುವಾಗ ನಂಗೊಬ್ಬ ಆಸ್ಟ್ರೇಲಿಯಾ ಗಂಡನ್ನ ಹಿಡ್ಕೊಂಡ್ ಬಾ, ಇವ್ನು ಹಳಬನಾದ!" ಜಗಲಿಯೆಲ್ಲ ನಕ್ಕಿತು. ಭಾವನೂ ನಕ್ಕರು. ನೀನೂ ನಕ್ಕೆ, ಕೇಳಿಸಿತು. ಆ ನಗುವಿನ ನಡುವೆ ನಾನು "ಹೂಂ" ಅಂದೆ. ಅಷ್ಟು ಜನರ ಎದುರು ಮತ್ತೇನು ಹೇಳಲಿ? ಅವತ್ತು ಮನೆಗೆ ಬಂದು ಪಣ ತೊಟ್ಟೆ. ನಮ್ಮ ತಟ್ಟೆಯಗಲದ ಪ್ಯಾನೆಲನ್ನೇ ದುಡಿಸುತ್ತೇನೆ, ನನ್ನ ಫೋನನ್ನು ನನ್ನ ಮನೆಯಲ್ಲೇ ತುಂಬಿಸುತ್ತೇನೆ, ಈಸ್ಟರ್ ಬರುವ ಮೊದಲು ನನ್ನ ಮನೆಯಲ್ಲಿ ಕೂತು ನನ್ನ ಗಂಡನಿಗೆ ನನ್ನ ಉತ್ತರ ಹೇಳುತ್ತೇನೆ ಎಂದು.

ಆಮೇಲೆ ಶುರುವಾಯಿತು ನೋಡು ಆ ಸೆಕೆ. ನೀನಿದ್ದಾಗ ಇಂಥ ಫೆಬ್ರುವರಿ ಬಂದಿರಲಿಲ್ಲ. ಎಲೆ ಅಲ್ಲಾಡಲಿಲ್ಲ, ಸಮುದ್ರ ಎಣ್ಣೆಯ ಹಾಗೆ ಬಿದ್ದುಕೊಂಡಿತ್ತು, ಕೋಳಿಗಳು ಬಾಯಿ ತೆರೆದುಕೊಂಡು ಮನೆಯ ಕೆಳಗೆ ಕೂತವು. ನನಗೆ ಮಾತ್ರ ಖುಷಿ. ಇಷ್ಟು ಬಿಸಿಲಿದ್ದರೆ ಕರೆಂಟಿಗೇನು ಬರ, ಬಿಸಿಲೇ ತಾನೆ ಅದರ ಊಟ ಎಂದುಕೊಂಡೆ. ನಮ್ಮ ಪ್ಯಾನೆಲ್ ದೀವಿಹಲಸಿನ ಮರದ ಪಕ್ಕದ ಕಂಬದಲ್ಲಿತ್ತಲ್ಲ, ಮಧ್ಯಾಹ್ನದ ಮೇಲೆ ಅದರ ನೆರಳು ಬೀಳುತ್ತಿತ್ತು. ಕಂಬದಿಂದ ಬಿಚ್ಚಿ ಏಣಿ ಹಾಕಿ ಸೂರಿನ ತಗಡಿನ ಮೇಲೆ ಮಲಗಿಸಿ ಬಿಗಿದೆ, ಅಕ್ಕನದು ಸೂರಿನ ಮೇಲಿದೆಯಲ್ಲ, ಅದಕ್ಕೆ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಕಥೆಯಾಯಿತು. ಅವಳದು ಸದಾ ಹೊಳೆಯುತ್ತದೆ, ನಮ್ಮದು ಮಂಕು. ಅದಕ್ಕೂ ಒಂದು ಉಪಾಯ ಮಾಡಿದೆ. ಹುಟ್ಟಿದ ಕೂಸಿಗೆ, ಮದುಮಗಳಿಗೆ, ಯಾರಿಗೇ ಆಗಲಿ ಹೊಳಪು ಬರಿಸಲು ನಾವು ಏನು ಹಚ್ಚುತ್ತೇವೆ? ಒಂದು ಬಟ್ಟಲು ಕೊಬ್ಬರಿ ಎಣ್ಣೆ ತೆಗೆದುಕೊಂಡು ಹೋಗಿ ಗಾಜಿಗೆಲ್ಲ ತಿಕ್ಕಿ ತಿಕ್ಕಿ ಹಚ್ಚಿದೆ. ಅಬ್ಬಾ, ಏನು ಮಿರಮಿರ! ಬೇಲಿಯಾಚೆಯಿಂದ ಅಕ್ಕ ನೋಡಲಿ ಎಂದು ಇನ್ನೂ ಸ್ವಲ್ಪ ಹೊತ್ತು ಸೂರಿನ ಮೇಲೇ ಕೂತಿದ್ದೆ.

ಮಾರನೆಯ ದಿನಕ್ಕೆ ಅಡಿಗೆಮನೆಯ ಹೊಗೆಯ ಮಸಿಯೆಲ್ಲ ಆ ಎಣ್ಣೆಗೆ ಬಂದು ಅಂಟಿತು. ಮಸಿಯ ಮೇಲೆ ಸಮುದ್ರದ ಉಪ್ಪು. ಉಪ್ಪಿನ ಮೇಲೆ ಹಕ್ಕಿಯ ಹಿಕ್ಕೆ. ನಡುಹಗಲು, ನೆತ್ತಿ ಸುಡುವ ಬಿಸಿಲಿನಲ್ಲಿ, ಬ್ಯಾಟರಿಯ ಮೇಲಿನ ಡಬ್ಬಿಯಲ್ಲಿ ಕೆಂಪು ದೀಪ! ಕಂಬದಲ್ಲಿದ್ದಾಗ ಕನಿಷ್ಠ ಬೆಳಗಿನ ಹೊತ್ತಾದರೂ ಹಸಿರು ಬರುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ನಿನ್ನ ಅಮ್ಮ ನೆರಳಲ್ಲಿ ಕೂತು ಚಾಪೆ ನೇಯುತ್ತಿದ್ದವರು ತಲೆ ಎತ್ತದೆ ಅಂದರು: "ಆ ತಗಡಿನ್ ಮೇಲೆ ಮರಗೆಣಸು ಇಟ್ರೆ ಬೇಯತ್ತೆ, ಇನ್ನು ಅದನ್ನ ಇಟ್ಟಿದ್ದೀಯ. ಈ ಸೆಕೇಲಿ ನಾನೇ ಕೆಲ್ಸ ಮಾಡಲ್ಲ, ಅದ್ಯಾಕ್ ಮಾಡ್ಬೇಕು?" ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನ ಇದ್ದಕ್ಕಿದ್ದಂತೆ ಒಂದು ಮೋಡ ಬಂದು ಹತ್ತು ನಿಮಿಷ ಜೋರಾಗಿ ಸುರಿದು ಹೋಯಿತು. ಮತ್ತೆ ಬಿಸಿಲು ಬಂದಾಗ ಡಬ್ಬಿ ನೋಡಿದರೆ ಹಸಿರು! ತಗಡು ಕಾದಂತೆಲ್ಲ ಹಸಿರು ಹೋಗಿ ಮತ್ತೆ ಕೆಂಪು. ಅಮ್ಮ ಹೇಳಿದ್ದು ನಿಜವೇ ಆಗಿತ್ತು. ಅದಕ್ಕೆ ಬೆಳಕು ಬೇಕು, ಬೇಗೆ ಬೇಡ. ಬೇಗೆ ಹೆಚ್ಚಿದರೆ ಅದೂ ನಮ್ಮ ಹಾಗೆ ಸೋತು ಕೂರುತ್ತದೆ. ಹಾಗಾದರೆ ಅಕ್ಕನದು ಯಾಕೆ ಸೋಲುವುದಿಲ್ಲ ಎಂದು ಬೇಲಿಯ ಸಂದಿಯಲ್ಲಿ ನಿಂತು ನೋಡಿದೆ. ಕಳ್ಳಿ! ಅವರದು ತಗಡಿಗೆ ತಾಗಿಯೇ ಇಲ್ಲ. ಭಾವ ಕಬ್ಬಿಣದ ಚೌಕಟ್ಟು ಕಟ್ಟಿ ಅದರ ಮೇಲೆ ಎತ್ತಿ ಕೂರಿಸಿದ್ದಾರೆ, ಕೆಳಗೆ ಬೆಕ್ಕು ಮಲಗುವಷ್ಟು ಜಾಗ, ಗಾಳಿ ಆಡುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಅಕ್ಕ ಏಣಿ ಹತ್ತಿ ಸಿಹಿನೀರಿನಲ್ಲಿ ಉಪ್ಪು ತೊಳೆಯುತ್ತಾಳೆ, ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಾಳೆ. ನಾನು ಇಷ್ಟು ದಿನ ಅವಳು ಏಣಿ ಹತ್ತುವುದು ನಮ್ಮ ಮನೆಯೊಳಗೆ ಇಣುಕಲು ಎಂದುಕೊಂಡಿದ್ದೆ.

ಕದ್ದು ಕಲಿತರೂ ವಿದ್ಯೆ ವಿದ್ಯೆಯೇ. ನಿಂಬೆರಸ, ಸಾಬೂನು ಹಾಕಿ ಎಣ್ಣೆಯ ಜಿಡ್ಡು ತೆಗೆದೆ, ಕೈಬೆರಳು ಸುಲಿದವು. ಬಿದಿರು ಸೀಳಿ ಕಾಲು ಕಟ್ಟಿ ಪ್ಯಾನೆಲನ್ನು ಸೂರಿನಿಂದ ಎತ್ತಿ ನಿಲ್ಲಿಸಿದೆ. ಹೊತ್ತುಮೂಡುವ ಮೊದಲೇ ತೊಳೆಯತೊಡಗಿದೆ. ಏಣಿಯ ಮೇಲೆ ಅವಳು ಅತ್ತ, ನಾನು ಇತ್ತ, ಬೆನ್ನು ತಿರುಗಿಸಿಕೊಂಡು. ಆ ವಾರದ ಶುಕ್ರವಾರ ಸಂಜೆ ನನ್ನ ಫೋನು ಪೂರ್ತಿ ತುಂಬಿತು. ನಾನು ಸ್ನಾನ ಮಾಡಿದೆ. ಕೆಂಪು ಹೂವಿನ ಆ ಜಂಪರು ಹಾಕಿಕೊಂಡೆ, ಫೋನಿನಲ್ಲಿ ನೀನು ನೋಡುತ್ತೀಯ ಎಂದು. ತಿತಿಯನ್ನು ಅಮ್ಮನ ಜೊತೆ ಪ್ರಾರ್ಥನೆಗೆ ಕಳಿಸಿದೆ. ಚಾಪೆಯ ಮೇಲೆ ಒಬ್ಬಳೇ ಕೂತು, ನಿನಗೆ ಹೇಳಬೇಕಾದ ಉತ್ತರವನ್ನು ಬಾಯಿಪಾಠ ಮಾಡಿಕೊಳ್ಳುತ್ತ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾದೆ. ಆಗ ಪಕ್ಕದ ಜಗಲಿಯಲ್ಲಿ ನಿನ್ನ ನಗು ಕೇಳಿಸಿತು. ನೀನು ಅಭ್ಯಾಸಬಲದಿಂದ ಅವಳ ನಂಬರಿಗೇ ಮಾಡಿದ್ದೆ. ನನ್ನ ಫೋನು ತುಂಬಿದೆ ಎಂದು ನಿನಗೆ ಹೇಗೆ ಗೊತ್ತಾಗಬೇಕು, ನಿನ್ನ ತಪ್ಪಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಅವಳು "ಕೆಲೆರಾ! ಓಡ್ ಬಾರೇ!" ಎಂದು ಕೂಗಿದಳು. ನಾನು ಹೋಗಲಿಲ್ಲ. ತಲೆನೋವು ಅಂದೆ. ನಿನ್ನ ಮೇಲೆ ಹಲ್ಲು ಕಡಿಯುತ್ತ ಕೂತೆ, ಜಂಪರನ್ನೂ ಬಿಚ್ಚಲಿಲ್ಲ.

ಭಾನುವಾರ ರೇಡಿಯೋದಲ್ಲಿ ಚಂಡಮಾರುತದ ಸುದ್ದಿ ಬಂತು. ಊರೆಲ್ಲ ಸೂರಿಗೆ ಹಗ್ಗ ಬಿಗಿಯತೊಡಗಿತು. ಗಾಳಿಗೆ ಹೇಗೂ ಉದುರುತ್ತವೆ ಎಂದು ದೀವಿಹಲಸಿನ ಕಾಯಿಗಳನ್ನೆಲ್ಲ ಕಿತ್ತು, ಅಮ್ಮ ಹಿತ್ತಲಲ್ಲಿ ಗುಂಡಿ ತೋಡಿಸಿ ಬಾಳೆ ಎಲೆ ಹಾಸಿ ಹುಳಿ ಬರಲು ಹೂತರು. ಪ್ಯಾನೆಲ್ ಇರುವವರೆಲ್ಲ ಇಳಿಸತೊಡಗಿದರು, ಗಾಳಿಗೆ ಅದು ದೋಣಿಯ ಹಾಯಿಯ ಹಾಗೆ ಎದ್ದು ಸೂರನ್ನೇ ಎಳೆದುಕೊಂಡು ಹೋಗುತ್ತದೆ. ನಾನೂ ಇಳಿಸಿದೆ. ಆದರೆ ಎಲ್ಲಿಡುವುದು? ಎಲ್ಲರಂತೆ ಚರ್ಚಿಗೆ ಒಯ್ದರೆ ಅಕ್ಕನ ದೊಡ್ಡದರ ಪಕ್ಕದಲ್ಲಿ ನನ್ನ ಸಣ್ಣದು ಒರಗಿ ಕೂರಬೇಕು, ಅದನ್ನು ಊರು ನೋಡಬೇಕು. ಬೇಡವೇ ಬೇಡ. ಟಾರ್ಪಾಲಿನಲ್ಲಿ ಸುತ್ತಿ ಆ ದೀವಿಹಲಸಿನ ಗುಂಡಿಯಲ್ಲೇ, ಎಲೆಗಳ ಮೇಲೆ ಮಲಗಿಸಿ, ಮತ್ತೆ ಎಲೆ ಮುಚ್ಚಿ ಕಲ್ಲು ಹೇರಿದೆ. ಅಮ್ಮ ಎದೆ ಬಡಿದುಕೊಂಡರು: "ಅಯ್ಯೋ, ಕಾಯಿ ಹುಳಿ ಬರ್ಸೋ ಗುಂಡೀಲಿ ಕರೆಂಟ್ ಹೂತಿಟ್ಲಲ್ಲಪ್ಪಾ! ನಾಳೆ ತಿಂದೋರ ಹೊಟ್ಟೇಲಿ ದೀಪ ಹತ್ಕೊಳ್ಳತ್ತೆ!" ನಾನು ಕಲ್ಲು ಹೇರುತ್ತಲೇ ಇದ್ದೆ.

ಅಷ್ಟರಲ್ಲಿ ಅಕ್ಕ ಬಂದು ಹಿತ್ತಲ ಬಾಗಿಲಲ್ಲಿ ಮಂಡಿ ಮಡಚಿ ಕೂತಳು. ಏನೋ ಬೇಡಲು ಬಂದಿದ್ದಾಳೆಂದು ಕೂತ ರೀತಿ ನೋಡಿಯೇ ನನಗೆ ಗೊತ್ತಾಯಿತು. "ಕೆಲೆರಾ, ಪ್ಯಾನೆಲ್ ಸುತ್ತೋಕೆ ದಪ್ಪನೇದು ಏನೂ ಇಲ್ಲ ಕಣೆ. ನಿನ್ ಮದ್ವೆ ಚಾಪೆಗಳನ್ನ ಕೊಡು. ಕೆರೆಕೆರೆ." ಮುಗಿಯಿತಲ್ಲ! ಕೆರೆಕೆರೆ ಎಂದು ಕೂತು ಕೇಳಿದ ಬಂಧುವಿಗೆ ಇಲ್ಲ ಎನ್ನುವ ನಾಲಿಗೆ ನಮ್ಮಲ್ಲಿ ಯಾರಿಗಿದೆ? ದೋಣಿ ಕೇಳಿದರೆ ದೋಣಿ, ಹಂದಿ ಕೇಳಿದರೆ ಹಂದಿ. ನನ್ನ ತಾಯಿ ಕಣ್ಣು ಮಂಜಾಗುವ ತನಕ ಕೂತು ನೇಯ್ದ, ಅಂಚಿಗೆ ಕೆಂಪು ಉಣ್ಣೆಯ ಕುಚ್ಚು ಕಟ್ಟಿದ ಕೇದಗೆ ಚಾಪೆಗಳು. ನಾನೇ ಅವುಗಳ ಮೇಲೆ ಮಲಗಿದವಳಲ್ಲ. ಪೆಟ್ಟಿಗೆ ತೆಗೆದು ಕೊಟ್ಟೆ. ಕೊಡುವ ಮೊದಲು ಕುಚ್ಚುಗಳನ್ನು ಒಂದು ಸಲ ನೇವರಿಸಿ ಸರಿಮಾಡಿದೆ.

ಚಂಡಮಾರುತದ ವಿಷಯ ಹೆಚ್ಚು ಬರೆಯುವುದಿಲ್ಲ. ನೀನೂ ಎಷ್ಟೋ ಕಂಡವನು. ನಾವೆಲ್ಲ ಚರ್ಚಿನಲ್ಲಿದ್ದೆವು. ಹಾಡು ಹೇಳಿದೆವು, ಗಾಳಿಯ ಸದ್ದಿಗೆ ಪಕ್ಕದವಳ ದನಿಯೇ ಕೇಳಿಸಲಿಲ್ಲ. ತಿತಿ ನನ್ನ ತೋಳಿನೊಳಗೆ, ಅಕ್ಕನ ಚಿಕ್ಕ ಮಗು ನಿನ್ನ ಅಮ್ಮನ ಮಡಿಲಲ್ಲಿ. ಚರ್ಚಿನ ಮಾಡಿನ ಒಂದು ತೊಲೆ ಮುರಿದು ಬಿದ್ದದ್ದು ಸರಿಯಾಗಿ ಅಕ್ಕನ ಪ್ಯಾನೆಲ್ ಇಟ್ಟಿದ್ದ ಮೂಲೆಗೆ. ಜನರಿದ್ದ ಕಡೆ ಬೀಳಲಿಲ್ಲ, ದೇವರು ದೊಡ್ಡವನು. ಹೊರಗೆ ಬಂದಾಗ ನಮ್ಮ ದ್ವೀಪ ಗುರುತು ಸಿಗಲಿಲ್ಲ. ಒಂದು ಮರದಲ್ಲೂ ಒಂದು ಎಲೆ ಇಲ್ಲ. ಬೆಂಕಿ ಬಿದ್ದ ಗುಡ್ಡದ ಹಾಗೆ ಎಲ್ಲ ಕಂದು. ನಮ್ಮ ಮನೆ ನಿಂತಿತ್ತು. ಅಕ್ಕನ ಮನೆಗೆ ಸೂರೇ ಇರಲಿಲ್ಲ. ಪ್ಯಾನೆಲ್ ಇಳಿಸಿದರೂ ಭಾವ ಆ ಕಬ್ಬಿಣದ ಚೌಕಟ್ಟನ್ನು ಬಿಚ್ಚಿರಲಿಲ್ಲ, ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿದ್ದವಂತೆ. ಗಾಳಿ ಅದನ್ನೇ ಹಿಡಿಕೆ ಮಾಡಿಕೊಂಡು ಸೂರನ್ನು ಎತ್ತಿಕೊಂಡು ಹೋಯಿತು. ನಾನು ಇಷ್ಟು ದಿನ ಅಸೂಯೆಪಟ್ಟ ಸೂರು ಕೊಲ್ಲಿಯಾಚೆ ಮ್ಯಾಂಗ್ರೋವ್ ಗಿಡಗಳ ಮೇಲೆ ಬಿದ್ದಿತ್ತು. ಅದನ್ನು ನೋಡಿ ನನಗೆ ಖುಷಿಯಾಗಲಿಲ್ಲ, ದೇವರಾಣೆಗೂ ಆಗಲಿಲ್ಲ. ಅವಳನ್ನು, ಭಾವನನ್ನು, ಮಕ್ಕಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ.

ಆದರೆ ಮಾರನೆಯ ದಿನ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಗುಂಡಿ ತೆಗೆದೆ. ಟಾರ್ಪಾಲಿನೊಳಗೆ ನಮ್ಮ ತಟ್ಟೆ ಪ್ಯಾನೆಲ್, ಹುಳಿ ವಾಸನೆ ಹೊಡೆಯುತ್ತ, ಒಂದು ಗೀರೂ ಇಲ್ಲದೆ ಮಲಗಿತ್ತು! ತೊಳೆದು ಹಳೆಯ ಕಂಬಕ್ಕೇ ಕಟ್ಟಿದೆ. ದೀವಿಹಲಸಿನ ಮರದಲ್ಲಿ ನೆರಳು ಕೊಡಲು ಎಲೆಯೇ ಇಲ್ಲ. ಆಕಾಶ ತೊಳೆದಿಟ್ಟ ಹಾಗಿದೆ, ತಂಪು ಗಾಳಿ ಬೀಸುತ್ತಿದೆ, ಹದವಾದ ಬಿಸಿಲು. ಹೊತ್ತು ನೆತ್ತಿಗೇರುವ ಮೊದಲೇ ಡಬ್ಬಿಯಲ್ಲಿ ಹಸಿರು, ಸಂಜೆಯ ತನಕ ಹಸಿರು! ಆ ಬೇಗೆಯಲ್ಲಿ ಕೊಡದದ್ದನ್ನು ಚಂಡಮಾರುತದ ಮಾರನೆಯ ದಿನ ಕೊಟ್ಟಿತು. ಊರೆಲ್ಲ ನಮ್ಮ ಜಗಲಿಗೆ ಬಂತು, ಫೋನು ಹಿಡಿದುಕೊಂಡು, ಟಾರ್ಚು ಹಿಡಿದುಕೊಂಡು. ಅಕ್ಕನೂ ತನ್ನ ಫೋನು ಹಿಡಿದು ಸಾಲಿನಲ್ಲಿ ನಿಂತಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಓರಗಿತ್ತಿಯರಿಗೂ ಸಲ್ಲುತ್ತದೆ ಎಂದು ಮನಸ್ಸಿನಲ್ಲೇ ಅಂ‌ದುಕೊಂಡು ಅವಳನ್ನು ಕೊನೆಗೆ ನಿಲ್ಲಿಸಿದೆ. ಸರದಿಯಲ್ಲಿ ಎಲ್ಲರ ಫೋನಿಗೂ ಅಷ್ಟಿಷ್ಟು ಜೀವ ಬಂತು. ಆಮೇಲೆ ಒಬ್ಬೊಬ್ಬರಾಗಿ ಕಿವಿಗಿಟ್ಟುಕೊಂಡು ನೋಡಿದರೆ ಸದ್ದೇ ಇಲ್ಲ. ಟವರ್ ಬಿದ್ದದ್ದು ಅಷ್ಟು ಹೊತ್ತು ಯಾರಿಗೂ ನೆನಪಾಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನಿನ್ನ ದನಿ ಈಗ ಯಾರ ಮನೆಯಲ್ಲೂ ಇಲ್ಲ.

ಈಗ ನೀನು ಕಾಯುತ್ತಿರುವ ಮಾತಿಗೆ ಬರುತ್ತೇನೆ. ಕಾಯುತ್ತಿದ್ದೀಯ ತಾನೆ? ಅದೇ ದಿನ ಅಕ್ಕನ ಪ್ಯಾನೆಲನ್ನು ಚರ್ಚಿನಿಂದ ತಂದು ನಮ್ಮ ಅಂಗಳದಲ್ಲಿ ಬಿಚ್ಚಿದೆವು. ಚಾಪೆಗಳು ತೊಯ್ದು ಮುದ್ದೆಯಾಗಿದ್ದವು. ಕುಚ್ಚಿನ ಕೆಂಪು ಬಣ್ಣ ಇಳಿದು ಒಡೆದ ಗಾಜಿನ ಗೆರೆಗೆರೆಗೂ ಹರಿದಿತ್ತು. ಮುಂದಿನ ಮುಖ ನೋಡಲಾಗದೆ ನಾನು ಅದನ್ನು ಕವುಚಿ ಹಾಕಿದೆ. ಹಿಂಬದಿಯಲ್ಲಿ ಕಪ್ಪು ಮಸಿಯಲ್ಲಿ ದೊಡ್ಡದಾಗಿ ನನ್ನ ಹೆಸರು. ಕೆಲೆರಾ, ನಾಕೊರೊವಾತು. ಪೆಟ್ಟಿಗೆ ಒಡೆದು ಹೋದರೂ ಸಾಮಾನು ಕಳೆಯಬಾರದೆಂದು ನೀನು ಎಲ್ಲದರ ಮೈಮೇಲೆ ಹೆಸರು ಬರೆಯುತ್ತೀಯ, ನನಗೆ ಗೊತ್ತಿಲ್ಲವೇ? ನಿನ್ನ ಕೈಬರಹವನ್ನು ಕತ್ತಲಲ್ಲಿ ಬೆರಳಾಡಿಸಿಯೂ ಹೇಳಬಲ್ಲೆ. ನಾನು ಅಕ್ಕನ ಮುಖ ನೋಡಿದೆ. ಅವಳೇನೂ ನಾಚಲಿಲ್ಲ. "ಹೂಂ ಕಣೆ, ನಿಂಗಂತಲೇ ಕಳ್ಸಿದ್ದು. ಹಡ್ಗು ಬಂದ ದಿನ ನಿಮ್ ಭಾವ ಕಡಲದಂಡೆಯಿಂದ್ಲೇ ಫೋನ್ ಮಾಡಿ ಕೆರೆಕೆರೆ ಅಂದ್ರು, ನಮ್ ಮನೇಲಿ ಕತ್ಲೆ, ಮಕ್ಳು ಸಣ್ಣವು ಅಂತ. ಅವ್ನು ಒಂದ್ ಗಳಿಗೆ ಸುಮ್ನಿದ್ದ. ಆಮೇಲೆ ಆಯ್ತು ತಗೊಳ್ಳಿ ಅಂದ." ನನಗೆ ಹೇಳಲಿಲ್ಲವಲ್ಲ ಎಂದೆ. ಅವಳು ಚಾಪೆ ಹಿಂಡುತ್ತ ಅಂದಳು: "ಅವ್ನ ಬಾಯಿಂದ ಬರ್ಲಿ ಅಂತ ನಾವ್ ಸುಮ್ನಿದ್ವಿ. ನೀನ್ ಬಂದು ಕೆರೆಕೆರೆ ಅಂದಿದ್ರೆ ಅವತ್ತೇ ಬಿಚ್ಕೊಡ್ತಿದ್ದೆ, ಕೊಡ್ದೆ ಇರಕ್ಕಾಗತ್ತಾ? ನೀನ್ ಕೇಳ್ಲೇ ಇಲ್ಲ. ಬೇಲಿ ಆಚೆ ನಿಂತ್ಕೊಂಡು ಉರ್ಕೊಂಡೆ."

ಅವಳ ಮಾತು ಕೆನ್ನೆಗೆ ಹೊಡೆದ ಹಾಗಾಯಿತು. ನಿನ್ನ ಮೇಲೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಕೊಟ್ಟದ್ದಕ್ಕಲ್ಲ. ಅಣ್ಣ ಕೇಳಿದರೆ ಕೊಡದೆ ಏನು ಮಾಡುತ್ತೀಯ. ಹೇಳದೆ ಇದ್ದದ್ದಕ್ಕೆ. ಇಷ್ಟು ತಿಂಗಳು ನನ್ನ ಹೆಸರಿನ ಬೆಳಕಿನಲ್ಲಿ ನಿನ್ನ ದನಿ ಬೇರೆಯವರ ಜಗಲಿಯಲ್ಲಿ ನಕ್ಕಿತು, ನಾನು ಕತ್ತಲಲ್ಲಿ ಕೂತು ನನ್ನದೇ ವಸ್ತುವಿನ ಮೇಲೆ ಹೊಟ್ಟೆ ಉರಿಸಿಕೊಂಡೆ. ಒಂದೇ ಸಮಾಧಾನ, ನೀನು ಒಂದು ಗಳಿಗೆ ಸುಮ್ಮನಿದ್ದೆಯಂತೆ. ಆ ಒಂದು ಗಳಿಗೆ ನನ್ನದು, ಅದನ್ನು ಯಾರಿಗೂ ಕೊಡುವುದಿಲ್ಲ.

ಒಡೆದ ಪ್ಯಾನೆಲನ್ನೂ ಭಾವ ನಮ್ಮ ಸೂರಿಗೆ ಬಿದಿರುಗಾಲು ಕಟ್ಟಿ ಏರಿಸಿದ್ದಾರೆ. ಗಾಜು ಜೇಡರ ಬಲೆಯಾಗಿದ್ದರೂ ಒಂದು ದೀಪಕ್ಕಾಗುವಷ್ಟು ಕೊಡುತ್ತಿದೆ. ಅಂಚಿಗೆಲ್ಲ ಅಂಟು ಬಳಿದಿದ್ದಾರೆ, ಜೋರು ಮಳೆಗೆ ಒಳಗೆ ನೀರಿಳಿದರೆ ಅದೂ ಹೋಗುತ್ತದೆ. ಬೆಳಿಗ್ಗೆ ಒಂದೇ ಏಣಿ ಹಾಕಿ ಅಕ್ಕ ದೊಡ್ಡದನ್ನು ತೊಳೆಯುತ್ತಾಳೆ, ನಾನು ಸಣ್ಣದನ್ನು. ಅಡಿಗೆಮನೆ ಈಗ ಅವಳ ಕೈಯಲ್ಲಿದೆ. ಕೆಸುವಿನ ಸೊಪ್ಪಿಗೆ ತೆಂಗಿನಹಾಲು ಹಾಕಿ ಅವಳು ಮಾಡಿದ್ದನ್ನು ನಿನ್ನ ಅಮ್ಮ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ನಾನು ಮಾಡಿದಾಗ ಒಂದೇ ಸಲ. ಇದನ್ನೂ ನೋಡಿದ್ದೇನೆ, ಬರೆದಿಡುತ್ತಿದ್ದೇನೆ.

ಚಳಿಯಲ್ಲಿ ಜೋಪಾನ. ಅಮ್ಮ ನಿನ್ನ ತಲೆ ಮುಟ್ಟಿ ಹರಸಿದ್ದಾರೆ, ಭಾನುವಾರ ಅಲ್ಲಿಯೂ ಚರ್ಚಿಗೆ ಹೋಗುತ್ತೀಯಾ ಎಂದು ಕೇಳಿದ್ದಾರೆ. ಅಣ್ಣ, ಅತ್ತಿಗೆ ಕೇಳಿದರೆಂದು ಹೇಳಲು ಹೇಳಿದ್ದಾರೆ. ಹೇಳಿದ್ದೇನೆ. ತಿತಿ ಕೆಳಗೆ ಒಂದು ಹಲ್ಲಿನ ಚಿತ್ರ ಬರೆದಿದ್ದಾಳೆ, ಮೀನಲ್ಲ ಅದು. ದೇವರು ನಿನ್ನನ್ನು ಕಾಯಲಿ.

ನಿನ್ನವಳೇ,
ಕೆಲೆರಾ

ತಾ.ಕ.: ಹಡಗು ಕೂಗಿತು, ಇನೋಕೆ ಬಾಗಿಲಲ್ಲಿ ನಿಂತು "ಬೇಗ ಕೊಡಿ ಅತ್ಗೆ" ಅನ್ನುತ್ತಿದ್ದಾನೆ. ಅವತ್ತು ಜಗಲಿಯಲ್ಲಿ ನಾನು ಹೂಂ ಅಂದದ್ದು ಆ ನಗುವಿಗೆ, ನಿನ್ನ ಪ್ರಶ್ನೆಗಲ್ಲ. ಅಣ್ಣ ಕೇಳಿದ, ನನ್ನ ಹೆಸರು ಬರೆದದ್ದನ್ನೇ ಕೊಟ್ಟೆ. ಕಾರ್ಖಾನೆಯವರು ಕೇಳುತ್ತಿದ್ದಾರೆ, ಎರಡು ವರ್ಷ ಕೊಡಲು ನಿಂತಿದ್ದೀಯ. ನಾನೊಬ್ಬಳೇ ನಿನ್ನನ್ನು ಏನೂ ಕೇಳದವಳು. ಈಗ ಮಂಡಿ ಮಡಚಿ ಕೂತು ಬರೆಯುತ್ತಿದ್ದೇನೆ, ಇನೋಕೆ ಸಾಕ್ಷಿ. ಹೊಸ ಪ್ಯಾನೆಲ್ ಬೇಡ, ಫೋನೂ ಬೇಡ. ನನಗೆ ನೀನು ಬೇಕು. ಈಸ್ಟರಿಗೆ ಬಾ. ಕೆರೆಕೆರೆ.